ಅತ್ತಿಗೆಯ ಸಪ್ಪೆ ನೀರು

ನಮ್ಮ ಅತ್ತಿಗೆ ಸೊಸೆಯಾಗಿ ಈ ಮನೆಗೆ ಕಾಲಿಟ್ಟ ದಿನ ಅವರ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಒಂದು ಪೈಪ್ ಪಾನಾ ಇತ್ತು. ಅವರ ಅಪ್ಪ ಕೆಳಗಿನ ಪಟ್ಟಣದಲ್ಲಿ ನಲ್ಲಿ, ಪೈಪು ರಿಪೇರಿ ಮಾಡುವವರು. ಮಗಳಿಗೆ ಬೇರೇನು ಕೊಡಬೇಕೆಂದು ತೋಚದೆ ತಮ್ಮ ಕೈಯಲ್ಲಿ ಸವೆದ ಪಾನಾವನ್ನೇ ಕೊಟ್ಟು ಕಳಿಸಿದ್ದರು. ನಮ್ಮ ಅಮ್ಮ ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದೇನೇ ಇದು? ನನ್ನ ಮಗನ ತಲೆ ಒಡೆಯೋಕಾ?"

"ಇಲ್ಲ ಅತ್ತೆ. ನಲ್ಲಿ ಬಿಗಿ ಮಾಡೋಕೆ."

"ಈ ಊರಲ್ಲಿ ನಲ್ಲಿ ಎಲ್ಲಿದೆ?"

"ಬರುತ್ತೆ ಬಿಡಿ," ಅಂದರು ಅತ್ತಿಗೆ.

ಅಮ್ಮ ಅಣ್ಣನ ಮುಖ ನೋಡಿದಳು. ಅಣ್ಣ ನೆಲ ನೋಡಿದ. ನಾನು ತಡೆಯಲಾರದೆ ನಕ್ಕುಬಿಟ್ಟೆ, ಅದಕ್ಕೆ ಅಮ್ಮನಿಂದ ತಲೆಗೊಂದು ಮೊಟಕು ಸಿಕ್ಕಿತು. ಅತ್ತಿಗೆಯ ಕಥೆ ಹೇಳುವ ಹಕ್ಕು ಈ ಊರಲ್ಲಿ ಯಾರಿಗಾದರೂ ಇದ್ದರೆ ಅದು ನನಗೇ, ಮೊದಲ ಪೆಟ್ಟು ತಿಂದವನು ನಾನಲ್ಲವೇ.

ನಮ್ಮದು ಬಸ್ಸು ಹತ್ತಲಾರದ ಊರು. ಬಸ್ಸು ಗುಡ್ಡದ ಬುಡದಲ್ಲೇ ತಿರುಗಿಕೊಂಡು ವಾಪಸ್ ಹೋಗುತ್ತದೆ. ಅಲ್ಲಿಂದ ಮೇಲೆ ಕಾಲೇ ಗತಿ. ಕಲ್ಲುಕ್ವಾರಿಯಲ್ಲಿ ದುಡಿಯುವವರು, ಕುರಿ ಸಾಕುವವರು, ಒಬ್ಬ ಕಮ್ಮಾರ, ಒಬ್ಬ ಕ್ಷೌರದವನು. ಕ್ಷೌರದವನು ನಾನೇ. ಬೀದಿಯ ಕೊನೆಯಲ್ಲಿ ನನ್ನ ಅಂಗಡಿ: ಒಂದು ಕಾಲು ಮೋಟಾದ ಕುರ್ಚಿ, ಆ ಕಾಲಿನ ಕೆಳಗೆ ಒಂದು ಚಪ್ಪಟೆ ಕಲ್ಲು, ಮೂಲೆ ಒಡೆದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಊರಿನ ಗಂಡಸರೆಲ್ಲ ನನ್ನ ಕತ್ತಿಗೆ ಕತ್ತು ಕೊಟ್ಟವರೇ ಆದ್ದರಿಂದ ನನ್ನ ಹತ್ತಿರ ಸುಳ್ಳು ಹೇಳುವವರು ಕಡಿಮೆ.

ಊರ ನಡುವೆ ಬಾವಿ. ನಮ್ಮ ಮುತ್ತಜ್ಜನ ಕಾಲದವರು ಬಂಡೆ ಒಡೆದು ತೋಡಿದ್ದು. ಅದರ ನೀರಿನ ರುಚಿಯ ಬಗ್ಗೆ ನಮ್ಮವರಿಗಿದ್ದ ಜಂಬ ಇಷ್ಟು ಅಷ್ಟು ಅಲ್ಲ. ಬೇರೆ ಊರಿಗೆ ಹೋದವರು ಅಲ್ಲಿನ ನೀರು ಕುಡಿದು ಮುಖ ಸಿಂಡರಿಸಿಕೊಂಡು ಬರುತ್ತಿದ್ದರು. ನನಗೊಬ್ಬನಿಗೇ ಆ ಬಾವಿಯ ಮೇಲೆ ಸಿಟ್ಟು. ಗಡಸು ನೀರು, ಸೋಪು ಎಷ್ಟು ತಿಕ್ಕಿದರೂ ನೊರೆ ಏಳದು. ಬ್ರಷ್ಷು ತಿರುಗಿಸಿ ತಿರುಗಿಸಿ ನನ್ನ ಮಣಿಕಟ್ಟು ಸೋತುಹೋಗುತ್ತಿತ್ತು. ಬಾವಿಯ ಮೇಲಿನ ಇಳಿಜಾರಿನಲ್ಲಿ ಕುರಿ ದೊಡ್ಡಿಗಳಿದ್ದವು. ಮಳೆ ಬಂದಾಗ ದೊಡ್ಡಿ ತೊಳೆದ ನೀರು ಹರಿದು ಎಲ್ಲಿಗೆ ಸೇರುತ್ತದೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕೆಡಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ಮಗುವಿಗೆ ಭೇದಿ ಶುರುವಾದರೆ ಕಾರಣ ಊರಿಗೆಲ್ಲ ಬಾಯಿಪಾಠವಾಗಿತ್ತು: ಹಲ್ಲು ಬರ್ತಿದೆ.

ಅತ್ತಿಗೆ ಬಂದ ವರ್ಷವೇ ಪಕ್ಕದ ಮನೆಯ ಕೂಸು ಹೀಗೇ ಭೇದಿಯಾಗಿ, ಬಾಡಿ, ಒಂದು ಬೆಳಿಗ್ಗೆ ಕಣ್ಣು ಮುಚ್ಚಿತು. ಮಣ್ಣು ಮಾಡಿ ಬಂದ ಗಂಡಸರು ನಮ್ಮ ಮನೆ ಮುಂದೆ ಕುಳಿತು, "ಏನು ಮಾಡೋದು, ಹಲ್ಲು ಬರೋ ಹೊತ್ತು," ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಅತ್ತಿಗೆ ಬಾಗಿಲಲ್ಲಿ ಬಂದು ನಿಂತರು.

"ಮೊನ್ನೆ ಅದರ ಬಾಯಿಗೆ ಬೆರಳಿಟ್ಟು ನೋಡಿದ್ದೆ. ಹಲ್ಲೆಲ್ಲ ಬಂದಾಗಿತ್ತು. ಈ ಊರಲ್ಲಿ ಮಕ್ಕಳಿಗೆ ಎಷ್ಟು ಸಾರಿ ಹಲ್ಲು ಬರುತ್ತೆ?"

ಹೊಸ ಸೊಸೆಯ ಬಾಯಿ ಜೋರಾಯಿತು ಎಂದು ಅಮ್ಮ ಒಳಗೆ ಕರೆದು ಬೈದಳು. ಆದರೆ ಮಾರನೆಯ ದಿನ ಅತ್ತಿಗೆ ಕುರಿ ಕಾಯುವವರ ಹಿಂದೆ ಗುಡ್ಡ ಹತ್ತಿದಾಗ ತಡೆಯಲಿಲ್ಲ.

ಗುಡ್ಡದ ಮೇಲೆ ಬಂಡೆ ಸಂದಿಯಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಯೊಂದಿತ್ತು. ಕುರಿಗಾಹಿಗಳಿಗೆ ಗೊತ್ತಿದ್ದದ್ದೇ, ಅದನ್ನು ಕೆಳಗೆ ತರಬಹುದೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅತ್ತಿಗೆ ಪಟ್ಟಣದ ಕಚೇರಿಯ ಬೆನ್ನು ಬಿದ್ದರು. ನಾಳೆ ಬನ್ನಿ ಎಂದರೆ ನಾಳೆ ಹೋದರು. ಸಾಹೇಬರು ಊಟ ಮಾಡುತ್ತಿದ್ದಾರೆ ಎಂದರೆ ಊಟದ ಡಬ್ಬಿಯ ಎದುರಿಗೇ ಹೋಗಿ ಕುಳಿತರು. ಹೀಗೇ ವರ್ಷ ಕಳೆದು, ಮಡಿಲಿಗೊಂದು ಮಗು ಬಂದರೂ ಬಿಡಲಿಲ್ಲ. ಕೊನೆಗೆ ಆ ಸಾಹೇಬರು, "ಈಯಮ್ಮನಿಗೆ ಪೈಪು ಕೊಟ್ಟು ಕಳಿಸ್ರಪ್ಪಾ, ನಾನು ನೆಮ್ಮದಿಯಾಗಿ ಎರಡು ತುತ್ತು ತಿನ್ನಬೇಕು," ಅಂದರಂತೆ. ಕೊಟ್ಟದ್ದು ಪೈಪು ಮಾತ್ರ. ಹೊರುವುದು, ತೋಡುವುದು, ಹೂಳುವುದು ಎಲ್ಲ ನಮ್ಮ ತಲೆಗೇ ಬಿತ್ತು.

ಮನೆಗೊಬ್ಬರಂತೆ ಆಳು ಬಂದರು. ಅಣ್ಣ ಗಾರೆ ಕೆಲಸದವನು, ಒರತೆಯ ಕೆಳಗೆ ತೊಟ್ಟಿ ಕಟ್ಟಿದ. ಕಮ್ಮಾರ ಬಂಡೆಗೆ ಪೈಪು ಹಿಡಿಸುವ ಕೊಂಡಿಗಳನ್ನು ಬಡಿದುಕೊಟ್ಟ. ಜೋಡಿಸುವ ಕೆಲಸವನ್ನು ಮಾತ್ರ ಅತ್ತಿಗೆ ಯಾರ ಕೈಗೂ ಬಿಡಲಿಲ್ಲ. ಅಪ್ಪನ ಪಾನಾ ಹಿಡಿದು ಒಂದೊಂದು ಜಾಯಿಂಟನ್ನೂ ತಾವೇ ಬಿಗಿದರು. ಅವರ ಅಂಗೈ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿತು. ಸೊಂಟಕ್ಕೆ ಪಾನಾ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದುದರಿಂದ ಊರು ಅವರಿಗೆ 'ಪಾನಾ' ಎಂದೇ ಹೆಸರಿಟ್ಟಿತು. ಎದುರಿಗೆ ಕರೆಯುವ ಗಂಡೆದೆ ಯಾರಿಗೂ ಇರಲಿಲ್ಲ, ಬಿಡಿ.

ನೀರು ಬಂದ ದಿನ ಊರೆಲ್ಲ ನನ್ನ ಅಂಗಡಿ ಮುಂದಿನ ನಲ್ಲಿಯ ಸುತ್ತ ನೆರೆದಿತ್ತು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಸರು ಬಂತು, ಆಮೇಲೆ ಕನ್ನಡಿಯಂಥ ನೀರು. ಕಮ್ಮಾರ ಬೊಗಸೆಯೊಡ್ಡಿ ಕುಡಿದ. ಬಾಯಿ ಚಪ್ಪರಿಸಿದ.

"ಚೆನ್ನಾಗಿದೆ. ಸ್ವಲ್ಪ ಸಪ್ಪೆ," ಅಂದ.

ಅಷ್ಟೇ ಅಂದದ್ದು. ಅಷ್ಟು ದಿನದ ದಣಿವೆಲ್ಲ ಅತ್ತಿಗೆಯ ನೆತ್ತಿಗೇರಿತು. "ಸಪ್ಪೆಯಾದ್ರೆ ಉಪ್ಪು ಹಾಕ್ಕೊಂಡು ಕುಡಿ! ಕುರಿ ಹಿಕ್ಕೆ ತೊಳೆದ ನೀರು ಕುಡಿದು ರೂಢಿಯಾದ ನಾಲಿಗೆಗೆ ಇದೆಲ್ಲಿ ರುಚಿಸುತ್ತೆ?"

ಕಮ್ಮಾರ ನಾಲಿಗೆ ಕಚ್ಚಿಕೊಂಡ. ಅವತ್ತಿನಿಂದ ಆ ನೀರಿನ ಬಗ್ಗೆ ಒಂದು ಕೊಂಕು ಮಾತು ಯಾರ ಬಾಯಿಂದಲೂ ಬರಲಿಲ್ಲ. 'ಅಮೃತ' ಅನ್ನುವವರೇ ಎಲ್ಲ. ನನಗಂತೂ ನಿಜವಾಗಿ ಅಮೃತವೇ ಆಗಿತ್ತು. ಬ್ರಷ್ಷು ಎರಡು ಸುತ್ತು ತಿರುಗಿಸಿದರೆ ಬಟ್ಟಲು ತುಂಬ ನೊರೆ. ನಲ್ಲಿ ಬಿಡುತ್ತಿದ್ದದ್ದು ನಸುಕಿನಲ್ಲಿ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ನಾನು ಅಂಗಡಿ ತೆರೆಯುವ ಹೊತ್ತಿಗೆ ನಿಂತಿರುತ್ತಿತ್ತು. ಹಾಗಾಗಿ ಮನೆಯ ಹಂಡೆಯಿಂದಲೇ ಒಂದು ಕ್ಯಾನು ತುಂಬಿಸಿಕೊಂಡು ಹೋಗುತ್ತಿದ್ದೆ. ಕೆಲವು ತಿಂಗಳು ಕಳೆಯುವುದರೊಳಗೆ ನೊರೆ ಕಡಿಮೆಯಾಗುತ್ತ ಬಂತು. ಸೋಪಿನ ಕಂಪನಿಯವನಿಗೆ ಮನಸಾರೆ ಬೈದೆ. ಬೇರೆ ಸೋಪು ತಂದೆ. ಅವನಿಗೂ ಬೈದೆ.

ಮುಂದಿನ ಮಳೆಗಾಲ ಬಂತು. ಊರಿನ ಮಕ್ಕಳು ಮತ್ತೆ ಭೇದಿ ಹಿಡಿದು ಒಂದೊಂದಾಗಿ ಮಲಗತೊಡಗಿದವು. ಹಲ್ಲು ಬರ್ತಿದೆ ಅನ್ನುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಮಲಗಿದವರಲ್ಲಿ ನಮ್ಮ ಪುಟ್ಟಿಯೂ ಒಬ್ಬಳು. ಅತ್ತಿಗೆಯ ಮಗಳು, ಆಗಿನ್ನೂ ತೊದಲು ಮಾತಿನ ವಯಸ್ಸು. ನನ್ನ ಬ್ರಷ್ಷು ಕದ್ದು ಗೋಡೆಗೆಲ್ಲ ನೊರೆ ಬಳಿಯುತ್ತಿದ್ದ ಪೋರಿ ಅಜ್ಜಿಯ ತೊಡೆಯ ಮೇಲೆ ಬಟ್ಟೆಯ ಗಂಟಿನ ಹಾಗೆ ಬಿದ್ದಿರುತ್ತಿದ್ದಳು. ಕಣ್ಣು ಗುಳಿಬಿದ್ದಿದ್ದವು. "ಚಿಕ್ಕಪ್ಪಾ" ಎಂದು ಕರೆಯಲೂ ಅವಳಿಗೆ ತ್ರಾಣವಿರಲಿಲ್ಲ. ಅದನ್ನು ನೋಡಲಾರದೆ ನಾನು ಅಂಗಡಿಯಲ್ಲೇ ಹೆಚ್ಚು ಹೊತ್ತು ಕೂರುತ್ತಿದ್ದೆ.

ವಾರಕ್ಕೊಮ್ಮೆ ಮೇಲೆ ಹತ್ತಿಬರುತ್ತಿದ್ದ ನರ್ಸಮ್ಮ ಪುಟ್ಟಿಗೆ ಉಪ್ಪು ಸಕ್ಕರೆ ಬೆರೆತ ಪುಡಿಯ ಪೊಟ್ಟಣಗಳನ್ನು ಕೊಟ್ಟು, ಹೇಗೆ ಕದಡಿ ಕುಡಿಸಬೇಕೆಂದು ಹೇಳಿದರು. ಚೀಲದಿಂದ ಸಣ್ಣದೊಂದು ಬಾಟಲಿ ತೆಗೆದು ಅದಕ್ಕೆ ನಲ್ಲಿಯ ನೀರು ಹಿಡಿದರು. ಅದರೊಳಗೆ ಏನೋ ಔಷಧಿ ಇರುತ್ತದೆ. ಹೊಲಸು ನೀರಾದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ನಮ್ಮ ನಲ್ಲಿಯ ಬಾಟಲಿ ಎಷ್ಟು ದಿನವಾದರೂ ತಿಳಿಯಾಗಿಯೇ ಉಳಿಯಿತು.

"ನಿನ್ನ ನೀರಲ್ಲಿ ಏನೂ ತಪ್ಪಿಲ್ಲ ಕಣಮ್ಮಾ," ಅಂದರು ನರ್ಸಮ್ಮ, ಮುಂದಿನ ವಾರ ಬಂದಾಗ.

"ಹಾಗಾದ್ರೆ ನನ್ನ ಮಗು ಯಾಕೆ ಹೀಗಾಗಿದೆ?"

"ಅದೇ ನನಗೂ ಅರ್ಥವಾಗ್ತಿಲ್ಲ. ಇನ್ನೊಂದು ಬಾಟಲಿ ಇಟ್ಕೋ. ಎಲ್ಲಾದ್ರೂ ಅನುಮಾನ ಬಂದ್ರೆ ಹಿಡಿದು ನೋಡು."

ಅತ್ತಿಗೆ ಮಳೆಯಲ್ಲೇ ಗುಡ್ಡ ಹತ್ತಿ ತೊಟ್ಟಿಯನ್ನು ಉಜ್ಜಿ ತೊಳೆದರು. ಪೈಪಿನ ಉದ್ದಕ್ಕೂ ನಡೆದು ಒಂದೊಂದು ಜಾಯಿಂಟನ್ನೂ ಮುಟ್ಟಿ ನೋಡಿದರು. ಎಲ್ಲೂ ಒಂದು ಹನಿ ಸೋರಿರಲಿಲ್ಲ. ಎಷ್ಟು ಹುಡುಕಿದರೂ ತಪ್ಪು ಸಿಗದಿದ್ದಾಗ ಅವರ ಮುಖ ಎಷ್ಟು ಸೋತಿತ್ತೆಂದರೆ, ಒಂದು ತೂತಾದರೂ ಸಿಗಬಾರದಿತ್ತೇ ಅನ್ನಿಸಿತು ನನಗೆ.

ಆ ವಾರವೇ ಒಂದು ಸಂಜೆ ಊರಿನ ಯಜಮಾನರು ಗಡ್ಡ ತೆಗೆಸಲು ಬಂದು ಕುರ್ಚಿಯಲ್ಲಿ ಕುಳಿತರು. ಕೆಟ್ಟ ಮನುಷ್ಯರಲ್ಲ. ಹತ್ತು ಜನ ಏನು ಹೇಳುತ್ತಾರೋ ಅದಕ್ಕೆ ಹೂಂ ಅನ್ನುವುದು ಅವರ ಯಜಮಾನಿಕೆ. ಒಂದು ಕೆನ್ನೆ ಮುಗಿಯುವ ಹೊತ್ತಿಗೆ ಬಾಯಿ ಬಿಟ್ಟರು.

"ಭಾನುವಾರ ಬೆಳಿಗ್ಗೆ ಸ್ಕೂಲ್ ಹತ್ರ ಎಲ್ಲರನ್ನೂ ಸೇರಿಸ್ತಿದ್ದೀನಿ. ನಿಮ್ಮ ಅತ್ತಿಗೆಗೆ ಹೇಗೆ ಹೇಳೋದು ಅಂತಾನೇ ಯೋಚನೆ."

"ಏನಂತ?"

"ಇನ್ನು ಪೈಪಿನ ಕೆಲಸಕ್ಕೆ ಆಳು ಕಳಿಸೋಕೆ ಆಗಲ್ಲ ಅಂತ. ವಾರ ವಾರ ಗುಡ್ಡ ಹತ್ತಬೇಕು, ಕಸ ತೆಗೀಬೇಕು, ಮಣ್ಣು ಕುಸಿದ್ರೆ ಬಿಡಿಸ್ಬೇಕು. ಇಷ್ಟೆಲ್ಲ ಒದ್ದಾಡಿ ಬಂದಿದ್ದೇನು? ಮಕ್ಕಳು ಆಗಲೂ ಮಲಗ್ತಿದ್ವು, ಈಗಲೂ ಮಲಗಿವೆ."

"ಆಳು ಹೋಗದಿದ್ರೆ ಒಂದೇ ಮಳೆಗೆ ಪೈಪು ಕಟ್ಕೊಳ್ಳುತ್ತೆ ಯಜಮಾನ್ರೇ."

"ಕಟ್ಕೊಳ್ಳಲಿ ಬಿಡಪ್ಪ. ಬಾವಿ ಎಲ್ಲಿಗೆ ಹೋಗಿದೆ?"

ನನ್ನ ಮೈ ಉರಿದುಹೋಯಿತು. ಕತ್ತಿ ಕೈಯಲ್ಲಿರುವಾಗ ಕೋಪ ಮಾಡಿಕೊಳ್ಳಬಾರದೆಂಬುದು ನಮ್ಮ ಕಸುಬಿನ ಮೊದಲ ಪಾಠ. ಕತ್ತಿ ಕೆಳಗಿಟ್ಟು, ಇನ್ನೊಂದು ಕೆನ್ನೆಗೆ ಸೋಪು ಕಲಸಲು ಬ್ರಷ್ಷು ಹಿಡಿದೆ. ಕೋಪವನ್ನೆಲ್ಲ ಬಟ್ಟಲಿನ ಮೇಲೆ ತೀರಿಸಿಕೊಂಡರೂ ನೊರೆ ಬರಲೊಲ್ಲದು.

"ಏನಯ್ಯಾ, ಮುಖಕ್ಕೆ ಸುಣ್ಣ ಬಳೀತಿದ್ದೀಯಾ?" ಅಂದರು ಯಜಮಾನರು.

ಬಟ್ಟಲು ಚೆಲ್ಲಿದೆ. ಕ್ಯಾನು ಖಾಲಿಯಾಗಿತ್ತು. ಅಷ್ಟರಲ್ಲಿ ಹೊರಗೆ ನಲ್ಲಿ ಬುಸುಗುಟ್ಟಿ ಸಂಜೆಯ ನೀರು ಬಂತು. ಬಟ್ಟಲನ್ನು ಅದಕ್ಕೇ ಒಡ್ಡಿ ತಂದು ಬ್ರಷ್ಷು ಆಡಿಸಿದೆ. ನೊರೆ ಉಕ್ಕಿ ಬಟ್ಟಲಿನ ಅಂಚು ದಾಟಿ ನನ್ನ ಬೆರಳ ಮೇಲೆ ಇಳಿಯಿತು. ಸೋಪು ಅದೇ, ಬ್ರಷ್ಷು ಅದೇ. ಬದಲಾಗಿದ್ದದ್ದು ನೀರೊಂದೇ. ಮನೆಯ ಹಂಡೆಗೆ ಬರುವುದೂ ಇದೇ ನಲ್ಲಿಯ ನೀರಲ್ಲವೇ?

"ಕೂತಿರಿ, ಬಂದೆ," ಎಂದು ಯಜಮಾನರನ್ನು ಅರ್ಧ ಗಡ್ಡದಲ್ಲೇ ಬಿಟ್ಟು, ಬ್ರಷ್ಷು, ಬಟ್ಟಲು, ಸೋಪು ಹಿಡಿದು ಮನೆಗೆ ಓಡಿದೆ. ಅವರು ಕಾದು ಕಾದು ಅದೇ ವೇಷದಲ್ಲಿ ಬೀದಿಯುದ್ದ ನಡೆದು ಹೋದರಂತೆ. ಅವರ ಸೊಸೆಯಂದಿರು ಬಾಗಿಲ ಹಿಂದೆ ನಿಂತು ನಕ್ಕರು ಎಂದು ಆಮೇಲೆ ಕೇಳಿದೆ.

ಅಡುಗೆಮನೆಯಲ್ಲಿ ಅಮ್ಮ ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ಅತ್ತಿಗೆ ಒಲೆ ಮುಂದೆ ಇದ್ದರು. ನಾನು ಹಂಡೆಯಿಂದ ಒಂದಿಷ್ಟು ನೀರು ತೆಗೆದು ಬ್ರಷ್ಷು ತಿರುಗಿಸಿದೆ. ಬಿಳಿ ಕೆಸರಿನಂಥದ್ದೇನೋ ಬಂತು, ನೊರೆ ಬರಲಿಲ್ಲ. ಬೀದಿಗೆ ಹೋಗಿ ನಲ್ಲಿಯ ನೀರು ತಂದು ತಿರುಗಿಸಿದೆ. ನೊರೆ ಉಕ್ಕಿತು. ಅತ್ತಿಗೆ ಎರಡನ್ನೂ ನೋಡಿದರು. ನಲ್ಲಿ, ಪೈಪು ರಿಪೇರಿಯವನ ಮಗಳಿಗೆ ನೀರಿನ ವಿಷಯ ಬಿಡಿಸಿ ಹೇಳಬೇಕೇ? ಮೆಲ್ಲಗೆ ಅಮ್ಮನ ಕಡೆ ತಿರುಗಿದರು.

ಅಮ್ಮ ತಲೆ ತಗ್ಗಿಸಿ ಪುಟ್ಟಿಯ ಕೂದಲು ಸರಿಮಾಡತೊಡಗಿದಳು.

"ಅತ್ತೆ?"

"ಒಂದೇ ಒಂದು ಚೊಂಬು ಕಣೇ. ಹಾಲಿಗೆ ಹೆಪ್ಪು ಹಾಕಲ್ವಾ, ಹಾಗೆ. ಬಾವಿ ನೀರು ಸ್ವಲ್ಪ ಸೇರಿದ್ರೆ ರುಚಿ ಬರುತ್ತೆ ಅಂತ."

"ಒಂದು ಚೊಂಬಿಗೆ ನೊರೆ ಸಾಯಲ್ಲ ಅಮ್ಮ," ಅಂದೆ ನಾನು.

"ಒಂದು ಚೊಂಬಿನಿಂದ ಶುರು ಮಾಡಿದ್ದೆ."

"ಈಗ?"

"ಈಗ ಅರ್ಧ ಹಂಡೆ," ಅಂದಳು ಅಮ್ಮ, ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ.

ಅತ್ತಿಗೆಯ ಕೈ ಸೊಂಟದ ಪಾನಾದ ಮೇಲೆ ಹೋಯಿತು. ಈಗ ಮನೆ ಎರಡಾಗುತ್ತದೆ ಎಂದುಕೊಂಡೆ. ಆದರೆ ಅವರು ಕೇಳಿದ್ದು ಬೇರೆ. "ನೀರು ರುಚಿಯಿಲ್ಲ ಅಂತ ನನಗೆ ಯಾಕೆ ಹೇಳಲಿಲ್ಲ?"

"ಕಮ್ಮಾರನಿಗೆ ಆದ ಗತಿ ನೋಡಿದ್ನಲ್ಲ." ಅಮ್ಮ ಪುಟ್ಟಿಯ ಹೊದಿಕೆ ಸರಿಮಾಡಿದಳು. "ಅದೂ ಅಲ್ದೆ ನಿನ್ನ ಅಂಗೈ ನೋಡಿದ್ದೆ ಕಣೇ ನಾನು. ಆ ಕೈಯಲ್ಲಿ ತಂದ ನೀರನ್ನ ಯಾವ ಬಾಯಲ್ಲಿ ಸಪ್ಪೆ ಅನ್ನಲಿ?"

ಅತ್ತಿಗೆ ನರ್ಸಮ್ಮ ಕೊಟ್ಟಿದ್ದ ಬಾಟಲಿಗೆ ಹಂಡೆಯ ನೀರು ತುಂಬಿ ಗೂಡಿನಲ್ಲಿಟ್ಟರು. ಆಮೇಲೆ ಹಂಡೆಯನ್ನು ಎಳೆದು ಅಂಗಳಕ್ಕೆ ಬೋರಲು ಹಾಕಿ, ಉಜ್ಜಿ ತೊಳೆದು, ನಲ್ಲಿಯ ನೀರು ತಂದು ಕುದಿಸಿ ಆರಿಸಿ, ಪುಡಿ ಕದಡಿ ಮಗಳಿಗೆ ಚಮಚೆಯಲ್ಲಿ ಕುಡಿಸುತ್ತ ಕುಳಿತರು. ಅಮ್ಮ ಒಂದು ಮೂಲೆಯಲ್ಲಿ, ಅವರು ಒಂದು ಮೂಲೆಯಲ್ಲಿ. ಅಣ್ಣ ಕೆಲಸದಿಂದ ಬಂದು ಇಬ್ಬರ ಮುಖವನ್ನೂ ನೋಡಿ, ಏನಾಯಿತೆಂದು ಕೇಳುವ ತಂಟೆಗೇ ಹೋಗಲಿಲ್ಲ.

ಬೆಳಗಾದ ಮೇಲೆ ಅತ್ತಿಗೆ ನನ್ನನ್ನು ಕರೆದರು. "ಮೈದುನರಾಯರೇ, ಇವತ್ತು ಅಂಗಡಿ ಬಾಗಿಲು ಹಾಕಿ. ನಿಮ್ಮ ಸಾಮಾನು ತಗೊಂಡು ನನ್ನ ಜೊತೆ ಬನ್ನಿ. ಮಲಗಿರೋದು ನಮ್ಮ ಮಗು ಒಂದೇ ಅಲ್ಲ."

ಅವತ್ತು ನಾವಿಬ್ಬರೂ ಊರ ಬೀದಿಯಲ್ಲಿ ಹೋದ ಚೆಂದ ನೋಡಬೇಕಿತ್ತು. ಮುಂದೆ ಪಾನಾ ಸಿಕ್ಕಿಸಿಕೊಂಡ ಅತ್ತಿಗೆ, ಹಿಂದೆ ಬ್ರಷ್ಷು ಬಟ್ಟಲು ಹಿಡಿದ ನಾನು. ಹೆಂಗಸರು, "ಯಾರಿಗೆ ಗಡ್ಡ?" ಎಂದು ಕೇಳಿದರು. ಅತ್ತಿಗೆ ಪ್ರತಿ ಮನೆಯಲ್ಲೂ, "ಕುಡಿಯೋ ನೀರು ಒಂದು ಲೋಟ ಕೊಡಿ," ಅನ್ನುವರು. ನಾನು ಅಲ್ಲೇ ಹೊಸ್ತಿಲಲ್ಲಿ ಕುಳಿತು ಬ್ರಷ್ಷು ತಿರುಗಿಸುವೆ. ಯಜಮಾನರ ಮನೆಯಲ್ಲಿ ನೊರೆ ಇಲ್ಲ. ಪಕ್ಕದ ಮನೆಯಲ್ಲಿ ಇಲ್ಲ. "ಅಯ್ಯೋ, ನಾವ್ಯಾಕೆ ಬಾವಿ ಕಡೆ ಹೋಗೋಣ?" ಅಂದ ಮನೆಯಲ್ಲಂತೂ ಸೋಪು ಮೊಸರಿನ ಹಾಗೆ ಒಡೆದುಹೋಯಿತು. ಕಮ್ಮಾರನ ಹೆಂಡತಿ, "ಕುರಿಗೆ ಅಂತ ತಂದಿದ್ದು, ಸ್ವಲ್ಪ ತುಳುಕಿ ಬಿದ್ದಿರ್ಬೇಕು," ಅಂದಳು. ಕುರಿಯ ಬಾನಿ ಅಂಗಳದಲ್ಲಿ, ಕುಡಿಯುವ ಹಂಡೆ ಅಡುಗೆಮನೆಯಲ್ಲಿ. ಎಷ್ಟು ದೂರ ತುಳುಕಿತೋ ಪಾಪ.

ಒಬ್ಬೊಬ್ಬರೂ ತಾವು ಮಾತ್ರ ಬೆರೆಸುತ್ತಿದ್ದೇವೆ, ಅದೂ ಸ್ವಲ್ಪವೇ ಸ್ವಲ್ಪ, ಅದರಿಂದೇನಾಗುತ್ತದೆ ಎಂದುಕೊಂಡಿದ್ದರು. ಅಮೃತ, ಅಮೃತ ಎಂದು ಹೊಗಳುತ್ತಲೇ ಊರಿಗೆ ಊರೇ ಕದ್ದು ಬೆರೆಸಿತ್ತು.

ಕೊನೆಗೆ ಊರಂಚಿನ 'ಪಟಾಕಿ'ಯ ಮನೆ. ಅವಳ ಬಾಯಿಗೆ ಬೀಳದವರು ಊರಲ್ಲಿ ಯಾರೂ ಇಲ್ಲ. ಬಾವಿಯ ಸುತ್ತಲಿನ ಮನೆಗಳವರ ಜೊತೆಯೆಲ್ಲ ಜಗಳವಾಡಿಕೊಂಡು, ಆ ಕಡೆ ತಲೆ ಹಾಕುವುದಿಲ್ಲ ಎಂದು ಶಪಥ ಮಾಡಿದವಳು. ಅವಳ ಮನೆಯ ನೀರಿಗೆ ಬ್ರಷ್ಷು ಮುಟ್ಟಿಸಿದೆನೋ ಇಲ್ಲವೋ, ನೊರೆ ಉಕ್ಕಿ ನನ್ನ ಮುಂಗೈ ಮುಚ್ಚಿತು. ಅಂಗಳದಲ್ಲಿ ಅವಳ ಮಕ್ಕಳು ಒಂದರ ಮೇಲೊಂದು ಬಿದ್ದು ಕುಸ್ತಿಯಾಡುತ್ತಿದ್ದವು. ಆ ಮಳೆಗಾಲದಲ್ಲಿ ಹಾಸಿಗೆ ಹಿಡಿಯದ ಮಕ್ಕಳು ಊರಲ್ಲಿ ಅವು ಮಾತ್ರ.

ವಾಪಸ್ ಬಂದು ಅತ್ತಿಗೆ ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತರು. ಗೆದ್ದವರ ಮುಖವಾಗಿರಲಿಲ್ಲ ಅದು.

"ಒಬ್ಬರಾದ್ರೂ ನನ್ನ ಎದುರಿಗೆ ಹೇಳಲಿಲ್ಲವಲ್ಲಪ್ಪಾ. ಅಷ್ಟು ಕೆಟ್ಟವಳಾ ನಾನು?"

"ಕೆಟ್ಟವರಲ್ಲ ಅತ್ತಿಗೆ. ಬಾಯಿ ಜೋರು, ಅಷ್ಟೇ."

ಅವರು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಭಾನುವಾರ ಬೆಳಿಗ್ಗೆ ಸ್ಕೂಲಿನ ಅಂಗಳ ತುಂಬಿತ್ತು. ನೊರೆ ಬಾರದ ಮನೆಗಳವರೆಲ್ಲ ಹಿಂದಿನ ಸಾಲು ಹಿಡಿದಿದ್ದರು, ಅಂದರೆ ಮುಂದಿನ ಸಾಲಿನಲ್ಲಿ ಪಟಾಕಿ ಒಬ್ಬಳೇ. ಅತ್ತಿಗೆ ಇವತ್ತು ಒಬ್ಬೊಬ್ಬರ ಮಾನವನ್ನೂ ಹರಾಜು ಹಾಕುತ್ತಾರೆ ಎಂದು ಎಲ್ಲರಿಗೂ ಖಾತ್ರಿಯಿತ್ತು. ನಾನೂ ಹಾಗೆಯೇ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದನ್ನು ಕೇಳಲು ಕಿವಿ ನಿಮಿರಿಸಿಕೊಂಡೇ ಕುಳಿತಿದ್ದೆ.

ಅತ್ತಿಗೆ ಮೇಜಿನ ಮೇಲೆ ಎರಡು ಬಾಟಲಿ ಇಟ್ಟರು. ಒಂದು ತಿಳಿ. ಇನ್ನೊಂದು ಶಾಯಿಯ ಹಾಗೆ ಕಪ್ಪು.

"ಇದು ನಲ್ಲಿ ನೀರು. ಈ ಕಪ್ಪಾಗಿರೋದು ನಮ್ಮ ಮನೆ ಹಂಡೆ ನೀರು. ಇದನ್ನೇ ನನ್ನ ಮಗಳು ಕುಡೀತಿದ್ದಳು."

ಅಷ್ಟೇ ಹೇಳಿದರು. ಬೇರೊಂದು ಮನೆಯ ಸುದ್ದಿ ಎತ್ತಲಿಲ್ಲ. ಊರಿನ ಗುಟ್ಟೆಲ್ಲ ಕೈಯಲ್ಲಿದ್ದಾಗ ತಮ್ಮ ಮನೆಯೊಂದನ್ನೇ ಮೇಜಿನ ಮೇಲಿಟ್ಟರಲ್ಲ, ಆಗ ನನ್ನ ಎದೆ ಎಷ್ಟು ಉಬ್ಬಿತೆಂದು ಹೇಳಲಾರೆ.

ಗುಂಪಿನ ನಡುವಿನಿಂದ ಅಮ್ಮ ಎದ್ದು ನಿಂತಳು. ಯಾರೂ ಎಬ್ಬಿಸಿರಲಿಲ್ಲ.

"ಅದನ್ನ ಬೆರೆಸಿದ್ದು ನಾನು. ಇವಳದ್ದೇನೂ ತಪ್ಪಿಲ್ಲ. ಬಾವಿ ನೀರು ತಂದು ನನ್ನ ಕೈಯಾರೆ ಹಂಡೆಗೆ ಸುರಿದೆ, ನನ್ನ ಕೈಯಾರೆ ಮೊಮ್ಮಗಳಿಗೆ ಕುಡಿಸಿದೆ."

"ಯಾಕೆ ಬೆರೆಸಿದ್ರಿ ಅತ್ತೆ? ಎಲ್ಲರ ಮುಂದೆ ಹೇಳಿ," ಅಂದರು ಅತ್ತಿಗೆ. ದನಿಯಲ್ಲಿ ಕೋಪವಿರಲಿಲ್ಲ.

"ಸಪ್ಪೆ ಕಣೇ ನಿನ್ನ ನೀರು!"

ಎಲ್ಲರ ಕಣ್ಣೂ ಅತ್ತಿಗೆಯ ಸೊಂಟದ ಪಾನಾದ ಮೇಲೆ.

"ಹೌದು, ಸಪ್ಪೆ," ಅಂದರು ಅತ್ತಿಗೆ. "ಇನ್ನೂ ಯಾರಿಗೆ ಹಾಗನ್ನಿಸಿದೆ? ನನ್ನ ಮುಖ ನೋಡಿ ಹೇಳಿ."

ಕಮ್ಮಾರ ಹಿಂದಿನ ಸಾಲಿನಲ್ಲಿ ಅರ್ಧ ಎದ್ದ. "ಪಾನಾ ಕೆಳಗಿಟ್ರೆ ಹೇಳ್ತೀನಿ."

ಅತ್ತಿಗೆ ಪಾನಾ ತೆಗೆದು ಬಾಟಲಿಗಳ ಪಕ್ಕದಲ್ಲಿಟ್ಟರು. ಮೊದಲು ನಕ್ಕವಳು ಅಮ್ಮ. ಆಮೇಲೆ ಕಟ್ಟೆ ಒಡೆದ ಹಾಗಾಯಿತು. ಟೀ ಟೀಯಾಗುವುದಿಲ್ಲ ಅಂದರು. ಗಾಳಿ ಕುಡಿದ ಹಾಗಿದೆ ಅಂದರು. ಪಾತ್ರೆ ತೊಳೆದು ಉಳಿದ ನೀರಿಗೂ ಇದಕ್ಕಿಂತ ರುಚಿ ಇರುತ್ತದೆ ಅಂದರು. ಇಷ್ಟು ದಿನ ನುಂಗಿಕೊಂಡಿದ್ದ ಬೈಗುಳವೆಲ್ಲ ಹೊರಗೆ ಬಂತು, ಬೈಗುಳದ ಬಾಲ ಹಿಡಿದುಕೊಂಡು ನಿಜವೂ ಬಂತು: "ಅದಕ್ಕೇ ನಾವೂ ಒಂದು ಚೊಂಬು..." "ನಮ್ಮನೇಲೂ ಸ್ವಲ್ಪ..." ಯಜಮಾನರು ಎದ್ದು, ತಮ್ಮ ಮನೆಯಲ್ಲಿ ಮುಕ್ಕಾಲು ಹಂಡೆ ಎಂದು ಒಪ್ಪಿಕೊಂಡು ಕೂತರು. ತಮ್ಮ ನೀರನ್ನು ಊರು ಹಿಗ್ಗಾಮುಗ್ಗಾ ಬೈಯುತ್ತಿದ್ದರೆ, ಒಂದು ಮಾತು ತಡೆಯಲಾರದ ನಮ್ಮ ಅತ್ತಿಗೆ ಕೈಕಟ್ಟಿ ನಿಂತು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರು. ಕುತ್ತಿಗೆಯ ನರ ಮಾತ್ರ ಉಬ್ಬಿತ್ತು. ಅವರು ಒರತೆ ತಂದದ್ದಕ್ಕಿಂತ, ಪೈಪು ಬಿಗಿದದ್ದಕ್ಕಿಂತ ದೊಡ್ಡ ಕೆಲಸ ಅವತ್ತಿನದು ಅನ್ನುವುದು ನನ್ನ ಅಭಿಪ್ರಾಯ.

ಪಟಾಕಿ ಎದ್ದು ಸೊಂಟಕ್ಕೆ ಕೈಯಿಟ್ಟಳು. "ನನ್ನ ಮಕ್ಕಳಿಗೇನೂ ಆಗಿಲ್ಲ! ನನ್ನ ಜೊತೆ ಜಗಳ ಆಡಿ ನನಗೆ ಉಪಕಾರವನ್ನೇ ಮಾಡಿದ್ದೀರಿ!"

ಅವಳ ಮಕ್ಕಳು ಅಲ್ಲೇ ಎದುರಿಗೆ ಮಣ್ಣಲ್ಲಿ ಹೊರಳಾಡುತ್ತಿದ್ದವು. ಯಜಮಾನರು ಗಂಟಲು ಸರಿಮಾಡಿಕೊಂಡು, ಆಳು ಎಂದಿನ ಹಾಗೆ ಹೋಗಲಿ, ಬಾವಿಯ ನೀರು ಕುರಿಗೆ, ನಲ್ಲಿಯ ನೀರು ಬಾಯಿಗೆ ಎಂದರು. ಎಲ್ಲರೂ ಹೂಂ ಅಂದರು. ಮನೆಗೆ ಬರುವ ದಾರಿಯಲ್ಲಿ ಅಮ್ಮ ಮುಂದೆ, ಅತ್ತಿಗೆ ಹಿಂದೆ. ಬಾವಿಯ ಹತ್ತಿರದ ಇಳಿಜಾರಿನಲ್ಲಿ ಅಮ್ಮನ ಕಾಲು ಜಾರಿತು. ಅತ್ತಿಗೆ ಕೈ ಹಿಡಿದರು. ಮನೆ ಬರುವವರೆಗೂ ಅಮ್ಮ ಆ ಕೈ ಬಿಡಲಿಲ್ಲ.

ಪುಟ್ಟಿ ಚೇತರಿಸಿಕೊಂಡಳು. ಅವಳು ಮತ್ತೆ ನನ್ನ ಬ್ರಷ್ಷು ಕದ್ದು ಕನ್ನಡಿಗೆಲ್ಲ ನೊರೆ ಬಳಿದ ದಿನ ನಾನು ಕನ್ನಡಿ ಒರೆಸಲೇ ಇಲ್ಲ. ಗಿರಾಕಿಗಳು ಮುಖ ಕಾಣದೆ ಗೊಣಗಿದರು, ಗೊಣಗಲಿ ಎಂದು ಬಿಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ನರ್ಸಮ್ಮ ತಂದ ಪುಡಿಯ ಪೊಟ್ಟಣಗಳನ್ನು ಹಾಗೆಯೇ ವಾಪಸ್ ಒಯ್ಯತೊಡಗಿದ್ದರು. ಅತ್ತಿಗೆಯೂ ಊರಿನ ದೂರನ್ನು ಕಿವಿಯಿಂದ ಹೊರಗೆ ಬಿಡಲಿಲ್ಲ. ನೀರು ತೊಟ್ಟಿಗೆ ಬೀಳುವ ಕಡೆ ಪೈಪನ್ನು ಎತ್ತರಕ್ಕೇರಿಸಿ, ಅದರ ಬಾಯಿಗೆ ಜರಡಿಯಂಥ ತಗಡು ಕಟ್ಟಿದರು. ನೀರು ಸಣ್ಣ ಎಳೆಗಳಾಗಿ ಬಿದ್ದು ಗಾಳಿ ಸೇರಿದರೆ ರುಚಿ ಬರುತ್ತದೆ ಎಂದು ಅವರ ಅಪ್ಪ ಹೇಳಿದ್ದರಂತೆ. ರುಚಿ ಬಂತೋ, ನಮ್ಮ ನಾಲಿಗೆಗಳೇ ಸೋತು ಒಪ್ಪಿಕೊಂಡವೋ, ದೂರು ಮಾತ್ರ ನಿಂತಿತು.

ಈಗ ಅಕ್ಕಪಕ್ಕದ ಗುಡ್ಡಗಳ ಊರುಗಳಿಂದ ಅತ್ತಿಗೆಗೆ ಕರೆ ಬರುತ್ತದೆ. ಪಾನಾ ಸಿಕ್ಕಿಸಿಕೊಂಡು ಹೋಗುತ್ತಾರೆ. ಹೊಸ ನಲ್ಲಿಯ ಮುಂದೆ ನಿಂತು ಎಲ್ಲರಿಗೂ ಒಂದೊಂದು ಲೋಟ ಕುಡಿಸಿ, "ಹೊಗಳಬೇಡಿ. ಏನು ಚೆನ್ನಾಗಿಲ್ಲ ಅದನ್ನ ಬೈದು ಹೇಳಿ," ಅನ್ನುತ್ತಾರಂತೆ. ಬೈಗುಳ ಬರುವವರೆಗೆ ಅಲ್ಲಿಂದ ಕದಲುವುದಿಲ್ಲವಂತೆ. ನಮ್ಮೂರಿನ ಗಂಡಸರು ಬೇರೆ ಊರಿಗೆ ಹೋದಾಗ, "ನಾವು ಪಾನಾ ಊರಿನವರು," ಎಂದು ಎದೆ ಸೆಟೆಸಿ ಹೇಳಿಕೊಳ್ಳುವುದನ್ನು ನಾನೇ ಕೇಳಿದ್ದೇನೆ.

ಹೋದ ವರ್ಷ ಅಮ್ಮನಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಆಯಿತು. ಉದ್ದನೆಯ ವಾರ್ಡು, ಕಬ್ಬಿಣದ ಮಂಚಗಳ ಸಾಲು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲೇ ಮಂಜು. ಅಲ್ಲಿನ ಹುಡುಗಿಯೊಬ್ಬಳು ಮಾತ್ರೆ ಕೊಟ್ಟು ಕುಡಿಯಲು ನೀರು ಕೊಟ್ಟಳು. ಅಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಥೂ, ಏನಮ್ಮಾ ಇದು? ಏನೋ ರುಚಿ ಇದೆ ಇದರಲ್ಲಿ."

"ರುಚಿ ಇದ್ರೆ ಒಳ್ಳೇದೇ ಅಲ್ವಾ ಅಜ್ಜಿ?"

"ನೀರಿಗೆ ಯಾಕೆ ರುಚಿ? ರುಚಿ ಇದೆ ಅಂದ್ರೆ ಏನೋ ಸೇರಿದೆ ಅಂತ. ನಮ್ಮೂರಿಗೆ ಬಂದು ಒಂದ್ಸಲ ಕುಡಿದು ನೋಡು, ಏನೂ ಇರಲ್ಲ. ಒಂಚೂರೂ ಇರಲ್ಲ! ನನ್ನ ಸೊಸೆ ಗುಡ್ಡದ ತಲೆಯಿಂದ ತಂದ ನೀರು ಅದು." ವಾರ್ಡಿನ ಆ ಕೊನೆಯ ಮಂಚದವರೂ ತಿರುಗಿ ನೋಡುವಷ್ಟು ದನಿ. ಆಮೇಲೆ ಆ ಹುಡುಗಿಯ ಕೈ ಎಳೆದು ಪಿಸುಗುಟ್ಟಿದಳು, "ಅವಳ ಮುಂದೆ ಹೇಳ್ಬೇಡ ಮತ್ತೆ. ಕೊಬ್ಬು ಬರುತ್ತೆ."

ಅತ್ತಿಗೆ ಮಂಚದ ಕಾಲ ಬಳಿಯೇ ನಿಂತಿದ್ದರು, ಊರಿನಿಂದ ತುಂಬಿಸಿ ತಂದಿದ್ದ ಬಾಟಲಿ ಹಿಡಿದುಕೊಂಡು. ಈ ಮನೆಗೆ ಬಂದಾಗಿನಿಂದ ಅಮ್ಮನ ಬಾಯಿಂದ ಅವರು ಕೇಳಿದ ಮೊದಲ ಹೊಗಳಿಕೆ ಅದು. ನಾನು ಬಾಯಿ ತೆರೆಯಹೋದೆ. ಅವರು ಬೇಡ ಎಂದು ಸನ್ನೆ ಮಾಡಿ, ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿ, ಅಮ್ಮನ ತಲೆ ಎತ್ತಿ ಹಿಡಿದು ತುಟಿಗೆ ಇಟ್ಟರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅಮ್ಮ ಲೋಟ ಖಾಲಿ ಮಾಡಿ ಬಾಯಿ ಚಪ್ಪರಿಸಿದಳು.

"ಹಾಂ, ಸಪ್ಪೆ," ಅಂದಳು. "ಇನ್ನೊಂದು ಲೋಟ ಹಾಕು."